ತಗ್ಗಿಸಿದ ಪೋಲೋ ಅಡಿಗೆ ಟ್ರಾಲಿ ಜಾಕ್ ಹೋಗುತ್ತಿಲ್ಲ, ಯಾವುದು ತಗೊಳ್ಳಲಿ?

ಹೆಬ್ಬಾಳ ಹ್ಯಾಚ್:
ಎಲ್ಲರಿಗೂ ನಮಸ್ಕಾರ. ನನ್ನದು ಫೋಕ್ಸ್‌ವ್ಯಾಗನ್ ಪೋಲೋ ಕಾರು. ಲೋವರಿಂಗ್ ಸ್ಪ್ರಿಂಗ್ ಹಾಕಿಸಿ 40 ಮಿ.ಮೀ. ಇಳಿಸಿದ್ದೇನೆ. ಟೈರ್ 195/55 ಆರ್15. ಭಾನುವಾರ ಬೆಳಿಗ್ಗೆ ಊರಿಗೆ ಹೊರಡೋಣ ಅಂತ ಬೇಸ್‌ಮೆಂಟಿಗೆ ಇಳಿದರೆ ಮುಂದಿನ ಎಡಗಡೆ ಟೈರ್ ನೆಲಕ್ಕೆ ಅಂಟಿಕೊಂಡಿತ್ತು. ನನ್ನ ಹತ್ತಿರ 2 ಟನ್ನಿನ ಕೆಂಪು ಟ್ರಾಲಿ ಜಾಕ್ ಇದೆ, ಚಕ್ರದ ಮೇಲೆ ಉರುಳಿಸಿ ಗಾಡಿ ಅಡಿಗೆ ತಳ್ಳುವಂಥದ್ದು, ಎಲ್ಲರ ಮನೆಯಲ್ಲೂ ಇರುತ್ತಲ್ಲ, ಅದೇ. ತಳ್ಳಿದೆ, ಹೋಗಲಿಲ್ಲ. ಮಲಗಿ ನೋಡಿದರೆ ಜಾಕಿನ ತಲೆ ಗಾಡಿಯ ಬಾಗಿಲ ಕೆಳಗಿನ ಸಿಲ್‌ಗಿಂತ ಮೇಲಿದೆ!

ಕೊನೆಗೆ ವಾಚ್‌ಮನ್ ಅಣ್ಣ ಪಕ್ಕದ ಸೈಟಿನಿಂದ ಸೆಂಟ್ರಿಂಗ್ ಹಲಗೆ ತಂದರು. ಗಾಳಿ ಇಲ್ಲದ ಟೈರನ್ನೇ ಅದರ ಮೇಲೆ ಹತ್ತಿಸಿದೆ. ರಿಮ್ ಕರಕರ ಅಂದಿದ್ದು ಇನ್ನೂ ಕಿವಿಯಲ್ಲಿದೆ. ಈಗ ಲೋ ಪ್ರೊಫೈಲ್ ಜಾಕ್, ಅಂದರೆ ತಲೆ ತೀರಾ ಕೆಳಗಿರುವ ಜಾಕ್ ತಗೋಬೇಕು. ಆನ್‌ಲೈನಲ್ಲಿ ಅತಿ ಕೆಳಗಿನ ಎತ್ತರ 85, 80, 75 ಮಿ.ಮೀ. ಅಂತ ಬೇಕಾದಷ್ಟಿವೆ. 2 ಟನ್ನೋ 3 ಟನ್ನೋ? ಅಲ್ಯೂಮಿನಿಯಮ್ಮೋ ಕಬ್ಬಿಣವೋ? ತಲೆ ಕೆಟ್ಟುಹೋಗಿದೆ.

ಸ್ಪ್ಯಾನರ್ ಸೀನ:
ಟನ್ ವಿಷಯ ಬಿಟ್ಟುಬಿಡಿ. ಪೋಲೋ 1,100 ಕೆ.ಜಿ. ಆಸುಪಾಸು. ಮುಂಭಾಗ ಪೂರ್ತಿ ಎತ್ತಿದರೂ 700 ಕೆ.ಜಿ. ದಾಟುವುದಿಲ್ಲ. 2 ಟನ್ ಧಾರಾಳ.

ಮೊದಲು ಗಾಡಿ ಅಳೆಯಿರಿ. ಗಾಳಿ ತುಂಬಿರುವಾಗ ಅಲ್ಲ, ಗಾಳಿ ಬಿಟ್ಟು. ಜಾಕ್ ಬೇಕಾಗುವುದೇ ಗಾಳಿ ಹೋದಾಗ ತಾನೇ? 195ರಲ್ಲಿ 55 ಪರ್ಸೆಂಟ್ ಅಂದರೆ ನಿಮ್ಮ ಟೈರಿನ ಪಕ್ಕದ ಗೋಡೆ 107 ಮಿ.ಮೀ. ಅದು ಮಡಚಿಕೊಂಡರೆ ಗಾಡಿಯ ಆ ಮೂಲೆ ಹೆಚ್ಚುಕಮ್ಮಿ ಅದರ ಅರ್ಧದಷ್ಟು ಕೂತುಬಿಡುತ್ತದೆ. ಎರಡು ಅಳತೆ ಹಾಕಿ ಇಲ್ಲಿ ಬರೆಯಿರಿ: ಸಿಲ್ ಅಡಿಯ ಪಿಂಚ್ ವೆಲ್ಡ್ (ತಗಡುಗಳನ್ನು ಸೇರಿಸಿ ಬೆಸೆದ) ಅಂಚು ನೆಲದಿಂದ ಎಷ್ಟಿದೆ, ಮುಂದಿನ ಬಂಪರ್ ತುಟಿ, ಅಂದರೆ ಕೆಳಗಿನ ಅಂಚು, ಎಷ್ಟಿದೆ. ಹಾಗೇ ನಿಮ್ಮ ಜಾಕ್ ಸ್ಟ್ಯಾಂಡ್ (ಎತ್ತಿದ ಗಾಡಿಗೆ ಆಸರೆ ಕೊಡುವುದು) ಅತಿ ಕೆಳಗೆ ಎಷ್ಟಕ್ಕೆ ನಿಲ್ಲುತ್ತದೆ ಅಂತಲೂ ನೋಡಿ. ಜಾಕ್ ಸ್ಟ್ಯಾಂಡ್ ಇದೆ ಅಲ್ವಾ?

ಹೆಬ್ಬಾಳ ಹ್ಯಾಚ್:
ಇದೆ ಸರ್, ಒಂದು ಜೊತೆ. ಅತಿ ಕೆಳಗೆ 280.

ಅಳೆದೆ. ಗಾಳಿ ಇದ್ದಾಗ ಪಿಂಚ್ ವೆಲ್ಡ್ 146 ಮಿ.ಮೀ. ಇತ್ತು, ಎಡಗಡೆ ಟೈರಿನ ಗಾಳಿ ಬಿಟ್ಟ ಮೇಲೆ 94. ಬಂಪರ್ ತುಟಿ ಗಾಳಿ ಇದ್ದಾಗ 120. ನಾನು 85ರ ಜಾಕ್ ಒಂದನ್ನು ಆಗಲೇ ಕಾರ್ಟಿಗೆ ಹಾಕಿಟ್ಟಿದ್ದೆ. 94ಕ್ಕೆ 85 ಆರಾಮಾಗಿ ಹೋಗುತ್ತದೆ ಅಲ್ವಾ?

ಸ್ಪ್ಯಾನರ್ ಸೀನ:
ಜಾಕ್ ಹೋಗುತ್ತದೆ, ರಬ್ಬರ್ ಪ್ಯಾಡ್ ಹೋಗುವುದಿಲ್ಲ. ಎಲ್ಲರೂ ಎಡವುವುದು ಇಲ್ಲೇ. ಪೆಟ್ಟಿಗೆ ಮೇಲೆ ಬರೆದಿರುವುದು ಬರೀ ಕಬ್ಬಿಣದ ಸ್ಯಾಡಲ್, ಅಂದರೆ ಜಾಕಿನ ತಲೆಯ ಬಟ್ಟಲಿನ ಎತ್ತರ. ಬರೀ ಸ್ಯಾಡಲ್ ಇಟ್ಟು ಎತ್ತಿದರೆ ಅದರ ಹಲ್ಲು ಪಿಂಚ್ ವೆಲ್ಡನ್ನು ಬಗ್ಗಿಸುತ್ತದೆ, ಪೇಂಟ್ ಕಿತ್ತು ತುಕ್ಕು ಶುರುವಾಗುತ್ತದೆ. ಅದಕ್ಕೇ ನಡುವೆ ಸೀಳು ಇರುವ ಪ್ಯಾಡ್ ಬೇಕು. ಪ್ಯಾಡ್ 25 ಮಿ.ಮೀ. ದಪ್ಪ ಇದ್ದರೆ 85 ಹೋಗಿ 110 ಆಯ್ತು.

ಅಂಚು ಸೀಳಿನೊಳಗೆ ಇಳಿಯುತ್ತಲ್ಲ ಅಂತ ಕೇಳಬಹುದು. ಇಳಿಯುವುದು ಎತ್ತಿದ ಮೇಲೆ. ಪಕ್ಕದಿಂದ ತಳ್ಳುವಾಗ ಪ್ಯಾಡಿನ ತಲೆ ಪೂರ್ತಿ ಆ ಅಂಚಿನ ಅಡಿಯಲ್ಲಿ ದಾಟಬೇಕು. ನಿಮಗಿರುವುದು 94. ಹಾಗಾಗಿ 75ರ ಜಾಕ್ ತಗೊಳ್ಳಿ. ಪ್ಯಾಡ್ ಸ್ಯಾಡಲ್ ಒಳಗೆ ಕೂರುವಂಥದ್ದಾಗಿರಲಿ, ಮೇಲೆ 10-15 ಮಿ.ಮೀ.ಗಿಂತ ಜಾಸ್ತಿ ಚಾಚಬಾರದು. ಅಂಗಡಿಗೆ ಟೇಪ್ ತಗೊಂಡು ಹೋಗಿ, ಪ್ಯಾಡ್ ಕೂರಿಸಿಯೇ ಅಳೆಯಿರಿ. ಅಂಗಡಿಯವರು ನಕ್ಕರೆ ನಗಲಿ.

ಬಂಪರ್ ಕಡೆಯಿಂದ ನಡುವಿನ ಸಬ್‌ಫ್ರೇಮಿಗೆ (ಇಂಜಿನ್ ಅಡಿಯ ಚೌಕಟ್ಟಿಗೆ) ಹೋಗಬೇಕಾದರೆ ಇನ್ನೊಂದು ತಾಪತ್ರಯ. ಸ್ಯಾಡಲ್ 75 ಇದ್ದರೂ ಕೆಲವು ಜಾಕ್‌ಗಳ ಹಿಂಭಾಗ, ಅಂದರೆ ಹಿಡಿ ಕೂರುವ ಜಾಗ, 150ರ ಮೇಲಿರುತ್ತದೆ. ತುಟಿಗೆ ತಾಗುತ್ತದೆ. ಉದ್ದ ಚಾಸಿಯ ಜಾಕಾದರೆ ಆ ಗಂಟು ಬಂಪರ್ ಹೊರಗೇ ಉಳಿಯುತ್ತದೆ. ಗಿಡ್ಡ ಜಾಕಿನಲ್ಲಿ ಹಿಡಿ ಅಲ್ಲಾಡಿಸಲೂ ಜಾಗ ಇರುವುದಿಲ್ಲ.

ಮಲೆನಾಡು 800:
ನನ್ನ ಅಭಿಪ್ರಾಯ ಬೇರೆ. ವರ್ಷಕ್ಕೆ ಎರಡು ಸಲ ಟೈರ್ ಬಿಚ್ಚುವವರಿಗೆ 75ರ ಜಾಕ್ ಯಾಕೆ? ಸಿಗರೇಟ್ ಸಾಕೆಟ್ಟಿಗೆ ಹಾಕುವ 12 ವೋಲ್ಟಿನ ಪಂಪ್ ಇಟ್ಟುಕೊಳ್ಳಿ. ಮೊಳೆ ಚುಚ್ಚಿದ ಟೈರಿಗೂ ಹತ್ತು ನಿಮಿಷ ಗಾಳಿ ನಿಲ್ಲುತ್ತದೆ. ತುಂಬಿದ ಕೂಡಲೇ ಗಾಡಿ ಏಳುತ್ತದೆ, ಹಳೇ ಜಾಕೇ ಒಳಗೆ ಹೋಗುತ್ತದೆ. 146ಕ್ಕೆ ಮಾಮೂಲಿ 130ರ ಜಾಕ್ ಆಯ್ತಲ್ಲ. ಗೋಡೆ ಸೀಳಿದ ಟೈರಿಗೆ ಮಾತ್ರ ಇದು ನಡೆಯಲ್ಲ.

ಮತ್ತೆ, ಲೋ ಪ್ರೊಫೈಲ್ ಜಾಕಿನ ಚಕ್ರ ಗೋಲಿಯಷ್ಟಿರುತ್ತದೆ. ನಮ್ಮ ಕಡೆ ಜಲ್ಲಿ ಅಂಗಳದಲ್ಲಿ ಅದು ಉರುಳಲ್ಲ. ಜಾಕಿನ ತಲೆ ಏಳುವಾಗ ನೆಟ್ಟಗೆ ಏಳಲ್ಲ, ಕಮಾನಿನ ಹಾಗೆ ಹಿಂದಕ್ಕೆ ಬರುತ್ತಾ ಏಳುತ್ತದೆ. ಅದಕ್ಕೆ ತಕ್ಕಂತೆ ಜಾಕ್ ಮುಂದಕ್ಕೆ ಉರುಳಬೇಕು. ಉರುಳದಿದ್ದರೆ ಸ್ಯಾಡಲ್ ಜಾರುತ್ತದೆ. ಪ್ಲೈವುಡ್ ಹಾಸೋಣ ಅಂದರೆ ಅದರ 18 ಮಿ.ಮೀ. ಮತ್ತೆ ನಿಮ್ಮ ಲೆಕ್ಕದಿಂದಲೇ ಹೋಗುತ್ತದೆ.

ನನ್ನದೇ ಒಂದು ಪೆದ್ದು ಕಥೆ ಕೇಳಿ. ಮನೆಯಲ್ಲೇ ಲೋವರಿಂಗ್ ಸ್ಪ್ರಿಂಗ್ ಹಾಕಿದೆ. ಎತ್ತುವಾಗ ಗಾಡಿ ಹಳೇ ಎತ್ತರದಲ್ಲಿತ್ತು, ಜಾಕ್ ಸಲೀಸಾಗಿ ಹೋಯ್ತು. ಕೆಲಸ ಮುಗಿಸಿ ಇಳಿಸಿದೆ. ಗಾಡಿ ಇಳಿದು ಇಳಿದು ಜಾಕಿನ ಮೇಲೇ ಕೂತಿತು! ಜಾಕ್ ಪೂರ್ತಿ ಕೆಳಗೆ ಬಂದಿದೆ, ಗಾಡಿ ಇನ್ನೂ ಅದರ ಮೇಲೇ ಇದೆ. ಎಳೆದರೆ ಬರಲ್ಲ. ನಮ್ಮಮ್ಮ ಕಾಫಿ ತಂದವರು, ‘ಇನ್ನು ಮೇಲೆ ಅದನ್ನೂ ಜೊತೆಗೇ ಓಡಿಸ್ತೀಯಾ?’ ಅಂದರು. ಪಕ್ಕದ ಮನೆಯಿಂದ ಇನ್ನೊಂದು ಜಾಕ್ ತಂದು, ಮತ್ತೆ ಎತ್ತಿ, ಟೈರಡಿಗೆ ಹಲಗೆ ಇಟ್ಟು ಬಿಡಿಸಿಕೊಂಡೆ.

ಸ್ಪ್ಯಾನರ್ ಸೀನ:
ಹಹ್ಹಾ, ಅಮ್ಮ ಹೇಳಿದ್ದು ಸರಿ. ಪಂಪ್ ವಿಷಯ ಒಪ್ಪಿದೆ, ಅದು ಡಿಕ್ಕಿಯಲ್ಲಿ ಇರಲೇಬೇಕು. ಆದರೆ ಇವರು ಬ್ರೇಕ್ ಪ್ಯಾಡನ್ನೂ ತಾವೇ ಬದಲಾಯಿಸುವವರ ಹಾಗೆ ಕಾಣುತ್ತದೆ, ಸ್ಟ್ಯಾಂಡ್ ಇಟ್ಟುಕೊಂಡಿದ್ದಾರೆ. ಸ್ಟ್ಯಾಂಡ್ 280 ಅಂದರೆ ಗಾಡಿಯನ್ನು ಅದಕ್ಕಿಂತ ಮೇಲೆ ಎತ್ತಬೇಕು. ಗಿಡ್ಡ ಜಾಕ್‌ಗಳು 350ರ ಹತ್ತಿರ ನಿಂತುಬಿಡುತ್ತವೆ, ಸಬ್‌ಫ್ರೇಮಿನಿಂದ ಎತ್ತುವಾಗ ಅದು ತೀರಾ ಇಕ್ಕಟ್ಟು. 75ರಿಂದ 500ರವರೆಗೆ ಹೋಗುವ ಉದ್ದ ಜಾಕ್ ನೋಡಿ. ಬೇಸ್‌ಮೆಂಟ್ ಕಾಂಕ್ರೀಟ್ ಆದ್ದರಿಂದ ಚಕ್ರದ ಚಿಂತೆ ಇಲ್ಲ. ಜಾಕ್ ಮನೆಯಲ್ಲೇ ಇರುವುದಾದರೆ ಅಲ್ಯೂಮಿನಿಯಂಗೆ ಸುಮ್ನೆ ದುಡ್ಡು ಸುರಿಯಬೇಡಿ. ಹೊತ್ತು ತಿರುಗುವವರಿಗೆ ಅದು.

ಸಬ್‌ಫ್ರೇಮಿನಲ್ಲಿ ಎಲ್ಲಿ ಎತ್ತಬೇಕು ಅಂತ ಸರ್ವಿಸ್ ಮ್ಯಾನುಯಲ್ ನೋಡಿ. ಆಯಿಲ್ ಸಂಪ್ (ಇಂಜಿನ್ ಎಣ್ಣೆಯ ತೊಟ್ಟಿ) ಅಡಿಗೆ ಮಾತ್ರ ಕೊಡಬೇಡಿ. ಹಿಂದಿನ ಚಕ್ರ ಎತ್ತುವಾಗ ಹ್ಯಾಂಡ್‌ಬ್ರೇಕ್ ಲೆಕ್ಕಕ್ಕಿಲ್ಲ, ಅದು ಹಿಡಿಯುವುದೇ ಹಿಂದಿನ ಚಕ್ರವನ್ನು. ಗೇರಿನಲ್ಲಿ ಬಿಟ್ಟು ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಗಾಡಿ ಇಳಿಸಿದ್ದು ಆರ್‌ಟಿಓ ಕಣ್ಣಿಗೆ ಬಿದ್ದರೆ ಗಾಡಿ ಮಾರ್ಪಾಡಿನ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬೇರೆ ಇದೆ, ಆ ಜಗಳ ಇಲ್ಲಿ ಬೇಡ.

ಹೆಬ್ಬಾಳ ಹ್ಯಾಚ್:
ಶನಿವಾರ ಜೆ.ಸಿ. ರೋಡಿಗೆ ಹೋಗಿ ತಂದೆ. ಟೇಪ್ ನೋಡಿ ಅಂಗಡಿಯವರು ನಕ್ಕಿದ್ದು ನಿಜ! ಮೊದಲು ತೋರಿಸಿದ ‘75’ರ ಜಾಕ್ ಪ್ಯಾಡ್ ಕೂರಿಸಿದಾಗ 98 ಬಂತು. ಎರಡನೆಯದು 88. ಅದನ್ನೇ ತಂದೆ. ಕಬ್ಬಿಣದ್ದು, ಎರಡೂವರೆ ಟನ್. ಆಟೋದಿಂದ ಇಳಿಸುವಷ್ಟರಲ್ಲಿ ಸೊಂಟ ಹಿಡಿಯಿತು.

ಆದರೆ ಹೊಸ ತಲೆನೋವು. ಮೊದಲ ಏಳೆಂಟು ಸಲ ಹಿಡಿ ಒತ್ತಿದರೂ ಏನೂ ಏಳಲ್ಲ, ಸ್ಪಂಜ್ ಒತ್ತಿದ ಹಾಗಿದೆ. ಗಾಡಿ ಸ್ವಲ್ಪ ಎದ್ದ ಮೇಲೆ ತಾನಾಗೇ ನಿಧಾನಕ್ಕೆ ಇಳಿಯುತ್ತದೆ. ವಾಪಸ್ ಕೊಡಬೇಕಾ?

ಸ್ಪ್ಯಾನರ್ ಸೀನ:
ಗಾಬರಿ ಬೇಡ. ಸಾಗಿಸುವಾಗ ಮಲಗಿಸಿ, ಮಗುಚಿ ತರುತ್ತಾರೆ. ಎಣ್ಣೆಯೊಳಗೆ ಗಾಳಿ ಸೇರಿಕೊಳ್ಳುತ್ತದೆ. ಗಾಡಿಯಿಂದ ಹೊರಗೆ ತೆಗೆಯಿರಿ. ಹಿಡಿಯನ್ನು ಎಡಕ್ಕೆ ತಿರುಗಿಸಿ ವಾಲ್ವ್ ಬಿಚ್ಚಿ. ಬಿಚ್ಚಿದ ಹಾಗೇ ಹದಿನೈದು ಸಲ ಪೂರ್ತಿ ಒತ್ತಿ. ಆಮೇಲೆ ವಾಲ್ವ್ ಬಿಗಿ ಮಾಡಿ, ಭಾರ ಇಲ್ಲದೆ ಒಮ್ಮೆ ತುದಿವರೆಗೆ ಎತ್ತಿ ಇಳಿಸಿ.

ಸರಿಹೋಗದಿದ್ದರೆ ತಲೆ ಪೂರ್ತಿ ಕೆಳಗಿರುವಾಗ ಎಣ್ಣೆ ಬಿರಡೆ ತೆಗೆದು ಮಟ್ಟ ನೋಡಿ. ಕಮ್ಮಿ ಇದ್ದರೆ ಹೈಡ್ರಾಲಿಕ್ ಜಾಕ್ ಎಣ್ಣೆ ಮಾತ್ರ ಹಾಕಿ. ಬ್ರೇಕ್ ಆಯಿಲ್ ಹಾಕಿದರೆ ಒಳಗಿನ ಸೀಲ್ ಹಾಳಾಗುತ್ತದೆ. ಆಮೇಲೂ ಇಳಿದರೆ ವಾಲ್ವಿನದೋ ಸೀಲಿನದೋ ದೋಷ, ಆಗ ವಾಪಸ್ ಕೊಡಿ.

ಹೆಬ್ಬಾಳ ಹ್ಯಾಚ್:
ಗಾಳಿಯೇ ಸರ್! ಹನ್ನೆರಡನೇ ಸಲ ಒತ್ತಿದಾಗ ಒಳಗೆ ಗುಳಕ್ ಅಂತು. ಈಗ ಮೂರನೇ ಒತ್ತಿಗೆ ಪ್ಯಾಡ್ ಅಂಚಿಗೆ ತಾಗುತ್ತದೆ. ಮುಂಭಾಗ ಎತ್ತಿ, ಎರಡೂ ಸ್ಟ್ಯಾಂಡ್ ಕೊಟ್ಟು, ಸ್ಯಾಡಲ್ ಸಬ್‌ಫ್ರೇಮಿಗೆ ತಾಗಿಯೂ ತಾಗದ ಹಾಗೆ ಒಂದು ಗಂಟೆ ಬಿಟ್ಟೆ. ಟೇಪ್ ಹಿಡಿದು ನೋಡಿದೆ, ಸ್ಯಾಡಲ್ ಇದ್ದಲ್ಲೇ ಇತ್ತು. ಹಳೇ ಜಾಕ್ ಬೇಕಾದರೆ ಯಾರಾದರೂ ಹೇಳಿ, ಗಾಡಿ ಇಳಿಸದವರಿಗೆ ಮಾತ್ರ. ಮಲೆನಾಡು ಅವರೇ, ಅಮ್ಮನಿಗೆ ನಮಸ್ಕಾರ ಹೇಳಿ.