ಊಸರವಳ್ಳಿಗೆ ತಂದ ರೇಷ್ಮೆಹುಳ ಒಂದೇ ರಾತ್ರಿಯಲ್ಲಿ ಸತ್ತವು. ಮಂಗಳೂರಿನ ಮಳೆಯಲ್ಲಿ ಇವನ್ನು ಉಳಿಸುವುದು ಹೇಗೆ?

ಕದ್ರಿ_ದಾಸವಾಳ · ಜೂನ್ 18

ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮಲ್ಲಿ ಒಂದು ವೇಲ್ಡ್ ಊಸರವಳ್ಳಿ ಉಂಟು. ಗಂಡು, ಒಂದೂವರೆ ವರ್ಷ, ಹೆಸರು ಪಚ್ಚು. ಊರಿನ ಗೋಸುಂಬೆ ಅಲ್ಲ. ಯೆಮನ್, ಸೌದಿ ಕಡೆಯ ಜಾತಿ, ಸಾಕಿದವರ ಹತ್ತಿರವೇ ಹುಟ್ಟಿದ ಮರಿ. ತಂದದ್ದು ತಮ್ಮ. ಮಾರ್ಚಿನಲ್ಲಿ ಅವನಿಗೆ ಮಸ್ಕತ್ತಿನಲ್ಲಿ ಕೆಲಸ ಆಯಿತು. ಹೋಗುವ ಮೊದಲು, ವಿದೇಶಿ ಪ್ರಾಣಿ ಸಾಕುವವರು ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ಮಾಡಿಸುವ ನೋಂದಣಿಯನ್ನು ನನ್ನ ಹೆಸರಿಗೆ ಮಾಡಿಸಿದ. "ಅಕ್ಕ, ಇವನನ್ನು ಯಾರಿಗೂ ಕೊಡಬೇಡ" ಅಂತ ವಿಮಾನ ನಿಲ್ದಾಣದಲ್ಲೂ ಹೇಳಿದ.

ಮೇ ತಿಂಗಳ ಸೆಕೆಯಲ್ಲಿ ಪಚ್ಚು ಜೀರುಂಡೆ ತಿನ್ನುವುದನ್ನು ಬಿಟ್ಟ. ಹಿಡಿದು ತೋರಿಸಿದರೂ ಮುಖ ಆಚೆ. ಡಾಕ್ಟರಿಗೆ ತೋರಿಸಿದೆ. ಮೈಯಲ್ಲಿ ನೀರು ಕಡಿಮೆ ಆಗಿದೆ, ದಿನಕ್ಕೆ ಎರಡು ಮೂರು ಸಲ ಎಲೆಗಳ ಮೇಲೆ ನೀರು ಸಿಂಪಡಿಸಿ, ಮೆತ್ತಗಿನ ಹುಳ ಕೊಟ್ಟು ನೋಡಿ ಅಂದರು. ನಮ್ಮ ಆಫೀಸಿನವರೊಬ್ಬರ ಮಾವನ ಮನೆ ಟಿ. ನರಸೀಪುರದ ಹತ್ತಿರ, ಅಲ್ಲಿ ರೇಷ್ಮೆ ಸಾಕುತ್ತಾರೆ. ಚಪ್ಪಲಿ ಡಬ್ಬಿಯಲ್ಲಿ ಎಲೆ ಸಮೇತ ನೂರೈವತ್ತು ಹುಳ ರಾತ್ರಿ ಬಸ್ಸಿನಲ್ಲಿ ತಂದುಕೊಟ್ಟರು.

ಮೊದಲ ಹುಳವನ್ನು ದಾಸವಾಳದ ಕೊಂಬೆಯ ಮೇಲೆ ಇಟ್ಟೆ. ಅದು ತಲೆ ಎತ್ತಿ ಆಚೆ ಈಚೆ ಆಡಿಸಿತು. ಪಚ್ಚುವಿನ ಒಂದು ಕಣ್ಣು ನನ್ನ ಮೇಲೆಯೇ ಇತ್ತು, ಇನ್ನೊಂದು ಮೆಲ್ಲ ತಿರುಗಿ ಹುಳದ ಮೇಲೆ ನಿಂತಿತು. ಆಮೇಲೆ ಎರಡೂ ಒಟ್ಟಿಗೆ ಮುಂದೆ ಬಂದವು, ಬಾಯಿ ಸ್ವಲ್ಪ ತೆರೆಯಿತು, ನಾಲಿಗೆಯ ತುದಿ ಹೊರಗೆ ಇಣುಕಿತು. ಹನ್ನೊಂದು ದಿನದ ಮೇಲೆ ಅವನು ತಿಂದದ್ದು ಅದು. ನನಗೆ ಅಳು ಬಂತು.

ಮೊನ್ನೆ ಬೆಳಿಗ್ಗೆ ಎದ್ದು ನೋಡಿದರೆ ಅರ್ಧಕ್ಕಿಂತ ಹೆಚ್ಚು ಹುಳ ಸತ್ತಿವೆ. ಬಾಯಿಂದ ಹಸಿರು ನೀರು ಬಂದಿದೆ, ಮೈ ಗಿಡ್ಡ ಆಗಿದೆ. ಜೀವ ಇದ್ದವು ತಲೆಯನ್ನು ಒಂದೇ ಸಮ ತಿರುಚುತ್ತಿದ್ದವು. ಇವತ್ತು ಉಳಿದವುಗಳಲ್ಲಿ ನಾಲ್ಕೈದರ ಮೈ ಊದಿಕೊಂಡಿದೆ, ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ನೀರು.

ಎಲೆ ಪಕ್ಕದ ಮನೆಯವರ ಕಂಪೌಂಡಿನ ಮಲ್ಬೆರಿ ಮರದ್ದು. ಅವರ ಅಡಿಕೆ ಮರಗಳು ಅಲ್ಲೇ ಪಕ್ಕದಲ್ಲಿವೆ, ಹೋದ ವಾರ ಮದ್ದು ಬಿಟ್ಟಿದ್ದರು. ಎಲೆ ಸಾಲದೆ ಒಂದು ದಿನ ಹರಿವೆ ಸೊಪ್ಪು ಹಾಕಿ ನೋಡಿದೆ. ಹತ್ತಿರ ಬಂದು ಮೂಸಿ ಹಿಂದೆ ಹೋದವು.

ಉಳಿದ ಹುಳ ಪಚ್ಚುವಿಗೆ ಕೊಡಬಹುದಾ? ಈ ಮಳೆಯಲ್ಲಿ ಸಾಕುವುದು ಸಾಧ್ಯ ಉಂಟಾ?

ಮಣ್ಣಪಳ್ಳ_ದಂಡೆ · ಜೂನ್ 18

ಮೊದಲು ಕೊಡುವುದನ್ನು ನಿಲ್ಲಿಸಿ, ಒಂದನ್ನೂ ಕೊಡಬೇಡಿ. ಒಂದು ಪ್ರಶ್ನೆ: ಹುಳದ ಡಬ್ಬಿ ಇರುವ ಕೋಣೆಯಲ್ಲಿ ಸೊಳ್ಳೆ ಬತ್ತಿ ಅಥವಾ ಲಿಕ್ವಿಡ್ ಮೆಷಿನ್ ಹಾಕುತ್ತೀರಾ? ನಾನು ಮಣಿಪಾಲದಲ್ಲಿ ರೂಮ್ ಮಾಡಿಕೊಂಡಿರುವವನು. ರೂಮಿನ ಗೆಳೆಯ ಒಂದು ರಾತ್ರಿ ಬತ್ತಿ ಹಚ್ಚಿದ್ದಕ್ಕೆ ನನ್ನ ಹುಳಗಳು ಹೀಗೆಯೇ ಹಸಿರು ಕಾರಿ ಸತ್ತವು.

ಕದ್ರಿ_ದಾಸವಾಳ · ಜೂನ್ 18

ಅಯ್ಯೋ ದೇವರೇ. ಅಮ್ಮ ಸಂಜೆ ದೀಪ ಹಚ್ಚಿದ ಕೂಡಲೇ ಹಾಲ್‌ನಲ್ಲಿ ಮೆಷಿನ್ ಹಾಕ್ತಾರೆ. ಮಲೇರಿಯಾ ಹೆದರಿಕೆ, ಒಂದು ದಿನ ತಪ್ಪಿಸುವುದಿಲ್ಲ. ಮಳೆ ನೀರು ಸಿಡಿಯುತ್ತದೆ ಅಂತ ಡಬ್ಬಿಯನ್ನು ಬಾಲ್ಕನಿಯಿಂದ ಹಾಲ್‌ಗೆ ತಂದದ್ದೇ ಆ ಸಂಜೆ. ಪಚ್ಚು ಬೇರೆ ಕೋಣೆಯಲ್ಲಿದ್ದಾನೆ.

ಕೊಳ್ಳೇಗಾಲದ_ಹುಳಮನೆ · ಜೂನ್ 19

ಮೇಡಂ, ನಾನು ಬೈಕಂಪಾಡಿಯಲ್ಲಿ ಕೆಲಸ ಮಾಡ್ತೀನಿ, ಊರು ಕೊಳ್ಳೇಗಾಲದ ಕಡೆ. ಹುಟ್ಟಿದ್ದೇ ಹುಳದ ಮನೆಯಲ್ಲಿ. ಊಸರವಳ್ಳಿ ವಿಚಾರ ನನಗೆ ಗೊತ್ತಿಲ್ಲ, ಹುಳದ ವಿಚಾರ ಹೇಳ್ತೀನಿ.

ನಿಮಗೆ ಬಂದಿರೋದು ಎರಡು ಬೇರೆ ಬೇರೆ ತೊಂದರೆ. ಹಸಿರು ಕಾರಿಕೊಂಡು, ತಲೆ ತಿರುಚಿ, ಮೈ ಮುದುರಿಕೊಂಡು ಸತ್ತಿದ್ದು ವಿಷದಿಂದ. ಸೊಳ್ಳೆ ಮೆಷಿನ್ನಿನಲ್ಲಿ ಇರೋದು ಕೀಟ ಕೊಲ್ಲೋ ಔಷಧಿನೇ, ರೇಷ್ಮೆಹುಳವೂ ಕೀಟವೇ. ನಮ್ಮಮ್ಮ ಬೀಡಿ ಸೇದಿದವರನ್ನ, ಎಲೆಅಡಿಕೆಗೆ ಹೊಗೆಸೊಪ್ಪು ಹಾಕಿದವರನ್ನ ಹುಳದ ಮನೆ ಹೊಸ್ತಿಲು ದಾಟಕ್ಕೆ ಬಿಡ್ತಿರಲಿಲ್ಲ, ಸ್ವಂತ ಅಣ್ಣನಾದರೂ ಸರಿ. ಹೊಗೆಸೊಪ್ಪಿನ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಮುಟ್ಟಿದರೂ ಹುಳ ಕೆಡುತ್ತೆ. ಮೆಷಿನ್ ಬೇರೆ ಕೋಣೆಗೆ ಹಾಕಿ, ಡಬ್ಬಿ ಮೇಲೆ ಪರದೆ ಬಟ್ಟೆ ಕಟ್ಟಿ. ಪರದೆ ಇದ್ದರೆ ಊಜಿ ನೊಣ ಬರಲ್ಲ. ಅದು ಹುಳದ ಮೈಮೇಲೆ ಮೊಟ್ಟೆ ಇಡುತ್ತೆ, ಮರಿ ಒಳಗೆ ಹೊಕ್ಕು ತಿನ್ನುತ್ತೆ.

ಊದಿಕೊಂಡು ಹಾಲು ಸೋರೋದು ಹಾಲುತೊಂಡೆ. ಅದು ವೈರಸ್ ರೋಗ. ಊಸರವಳ್ಳಿಗಾಗಲಿ ನಿಮಗಾಗಲಿ ಅಂಟಲ್ಲ, ಆದರೆ ಒಂದು ಹುಳದ ಹಾಲು ಸೊಪ್ಪಿನ ಮೇಲೆ ಬಿದ್ದರೆ ಡಬ್ಬಿಗೆ ಡಬ್ಬಿಯೇ ಹೋಗುತ್ತೆ. ಉಳಿದವನ್ನೆಲ್ಲ ಸುಣ್ಣ ಹಾಕಿ ಹೂತುಬಿಡಿ, ಆ ರಟ್ಟಿನ ಡಬ್ಬಿ ಸುಟ್ಟುಹಾಕಿ. ತಟ್ಟೆ ಇದ್ದರೆ ಬ್ಲೀಚಿಂಗ್ ಪೌಡರ್ ನೀರಲ್ಲಿ ತೊಳೆದು, ಬಿಸಿಲು ಬಂದ ದಿನ ಒಣಗಿಸಿ. ಬೇಜಾರಾಗುತ್ತೆ, ಗೊತ್ತು. ನಮ್ಮಪ್ಪ 100 ಮೊಟ್ಟೆ ಹುಳವನ್ನ ಗುಂಡಿಗೆ ಸುರಿದಿದ್ದನ್ನ ನಾನು ನೋಡಿದ್ದೀನಿ. ನಮ್ಮ ಕಡೆ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟಷ್ಟು, 400-500 ಹುಳ. ಆವತ್ತು ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಈಗ ಮಳೆ ವಿಚಾರ. ಮಂಗಳೂರಲ್ಲಿ ರೇಷ್ಮೆ ಆಗಲ್ಲ ಅಂತ ಎಲ್ಲರೂ ಹೇಳ್ತಾರೆ. ಗೂಡು ಕಟ್ಟಿಸಕ್ಕೆ ಕಷ್ಟ, ಒಪ್ಪುತ್ತೀನಿ. ಆದರೆ ನಿಮಗೆ ಗೂಡು ಬೇಡವಲ್ಲ! ಹುಳ ನಾಲ್ಕು ಸಲ ಪೊರೆ ಬಿಡುತ್ತೆ, ನಾವು ಅದನ್ನ ಜ್ವರ ಅಂತೀವಿ. ಎರಡನೇ ಜ್ವರದವರೆಗಿನದು ಚಾಕಿ ಹುಳ. ಅದಕ್ಕೆ 26ರಿಂದ 28 ಡಿಗ್ರಿ ಶಾಖ, ಗಾಳಿಯಲ್ಲಿ 85-90 ಪರ್ಸೆಂಟ್ ತೇವ ಬೇಕು. ನಮ್ಮೂರಲ್ಲಿ ಅದಕ್ಕೆ ಒದ್ದೆ ಗೋಣಿ ಕಟ್ಟಿ ಒದ್ದಾಡ್ತೀವಿ, ನಿಮಗೆ ಜೂನ್, ಜುಲೈಯಲ್ಲಿ ಅದು ಪುಕ್ಕಟೆ. ತೇವ ಆಗದೇ ಇರೋದು ದೊಡ್ಡ ಹುಳಕ್ಕೆ, ನಾಲ್ಕನೇ ಜ್ವರ ಎದ್ದ ಮೇಲೆ. ಅದಕ್ಕೆ 70ರ ಆಸುಪಾಸು ಸಾಕು, ಗಾಳಿಯಾಡಬೇಕು. ರೋಗ ಕಾಣಿಸಿಕೊಳ್ಳೋದೂ ಹೆಚ್ಚಾಗಿ ಆಗಲೇ. ಒಂದು ಹುಳ ಹುಟ್ಟಿನಿಂದ ಗೂಡಿನವರೆಗೆ ತಿನ್ನೋ ಸೊಪ್ಪಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಆ ಕೊನೇ ವಾರದಲ್ಲೇ ಖಾಲಿ ಮಾಡುತ್ತೆ. ಹಾಗಾಗಿ ಎರಡನೇ ಜ್ವರ ಎದ್ದ ಹುಳ ಇಪ್ಪತ್ತು ಇಪ್ಪತ್ತೈದು ಮಾತ್ರ ತರಿಸಿ. ನಾಲ್ಕನೇ ಜ್ವರಕ್ಕೆ ಕೂರೋದಕ್ಕೆ ಎಂಟು ಹತ್ತು ದಿನ ಆಗುತ್ತೆ, ಅಷ್ಟರಲ್ಲಿ ಮುಗಿಸಿಬಿಡಿ. ನೂರೈವತ್ತು ಹುಳ ಚಪ್ಪಲಿ ಡಬ್ಬಿಗೆ ಬಹಳ ಜಾಸ್ತಿ, ಇಕ್ಕಟ್ಟಾದರೆ ರೋಗ ಬಂದೇ ಬರುತ್ತೆ.

ಮಳೆಯಲ್ಲಿ ಕಿತ್ತ ಸೊಪ್ಪನ್ನ ಒದ್ದೆಯಾಗಿಯೇ ಹಾಕಲೇಬೇಡಿ. ಒಂದೊಂದು ಎಲೆಯನ್ನೂ ಹತ್ತಿ ಬಟ್ಟೆಯಲ್ಲಿ ಎರಡೂ ಕಡೆ ಒರೆಸಿ, ಫ್ಯಾನಿನ ಕೆಳಗೆ ಹರಡಿ. ಮಿಕ್ಕಿದ್ದನ್ನ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ಬರುತ್ತೆ, ಹಾಕೋ ಮೊದಲು ತಣ್ಣಗಿರೋದು ಹೋಗಬೇಕು. ಹುಳ ಅಲ್ಲಾಡದೆ ತಲೆ ಎತ್ತಿಕೊಂಡು ಕೂತರೆ ಸತ್ತಿಲ್ಲ, ಜ್ವರಕ್ಕೆ ಕೂತಿದೆ. ಆಗ ಸೊಪ್ಪು ಹಾಕಬೇಡಿ, ಮುಟ್ಟಬೇಡಿ. ಹುಳದ ಕೆಳಗಿನ ಹಾಸಿಗೆ ಒಣಗಿರಲಿ ಅಂತ ನಾವು ಅರಳಿದ ಸುಣ್ಣದ ಪುಡಿ ತೆಳ್ಳಗೆ ಎರಚ್ತೀವಿ. ನೀವು ಪ್ರಾಣಿಗೆ ತಿನ್ನಿಸೋದರಿಂದ ಸುಣ್ಣವೂ ಬೇಡ, ಕಾಗದ ಬದಲಾಯಿಸಿ ಸಾಕು. ರೈತರು ಹಾಸಿಗೆಗೆ ಸೋಂಕು ಕಳೆಯೋ ಪುಡಿ ಹಾಕಿರ್ತಾರೆ. ಅದಕ್ಕೇ ಬಂದ ಹುಳವನ್ನ ಮೂರು ದಿನ ಶುದ್ಧ ಸೊಪ್ಪಿನ ಮೇಲೆ ಬಿಟ್ಟು, ಆಮೇಲೆ ಕೊಡಿ.

ಹರಿವೆ, ಬಸಳೆ ಯಾವುದೂ ನಡೆಯಲ್ಲ. ಅದು ಹಿಪ್ಪುನೇರಳೆಗೇ ಹುಟ್ಟಿದ ಜೀವ.

ಪುತ್ತೂರು_ಮುರಕಲ್ಲು · ಜೂನ್ 19

ಅಡಿಕೆಯ ವಿಷಯ ನಾನು ಹೇಳ್ತೇನೆ. ಈಗ ಬಿಡುವ ಮದ್ದು ಕೊಳೆರೋಗಕ್ಕೆ, ಬೋರ್ಡೋ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಒಂದು ಸಲ ಬಿಟ್ಟರೆ ಮುಗಿಯಲಿಲ್ಲ, 40-45 ದಿನ ಬಿಟ್ಟು ಪುನಃ ಉಂಟು. ಮರದ ತುದಿಗೆ ಬಿಡುವುದಲ್ವಾ, ಗಾಳಿಗೆ ಎಲ್ಲಿಗೆ ಬೇಕಾದರೂ ಹೋಗ್ತದೆ. ಎಲೆಯ ಮೇಲೆ ನೀಲಿ ಮಿಶ್ರಿತ ಬಿಳಿ ಚುಕ್ಕೆ ಒಣಗಿದ್ದು ಕಂಡರೆ ಅದೇ. ಮಳೆಗೆ ಸುಲಭದಲ್ಲಿ ತೊಳೆದು ಹೋಗದ ಹಾಗೆಯೇ ಅದನ್ನು ಮಾಡುವುದು. ಆ ಮರದ ಎಲೆ ಈ ಮಳೆಗಾಲ ನಿಮಗೆ ಆಗುವುದಿಲ್ಲ. ನೆರೆಮನೆಯವರ ಮೇಲೆ ಬೇಸರ ಮಾಡಬೇಡಿ, ಮದ್ದು ಬಿಡದಿದ್ದರೆ ಅವರ ಫಸಲು ಉದುರಿ ಹೋಗ್ತದೆ.

ನಮ್ಮಲ್ಲಿ ಬಾವಿಕಟ್ಟೆಯ ಹತ್ತಿರ ಹಿಪ್ಪುನೇರಳೆ ಉಂಟು, ತೋಟದಿಂದ ದೂರ. ಪೆನ್ಸಿಲಿನಷ್ಟು ದಪ್ಪದ ಕೋಲು, ಮೂರು ನಾಲ್ಕು ಕಣ್ಣು ಇರುವ ಹಾಗೆ ಕಡಿದು ಕೊಡ್ತೇನೆ. ಓರೆಯಾಗಿ ಊರಿ, ಒಂದು ಕಣ್ಣು ಮಣ್ಣಿನ ಮೇಲೆ ಇರಲಿ. ಈ ಮಳೆಗೆ ಬದುಕದೆ ಇರುವುದೇ ಇಲ್ಲ. ಬುಡದಲ್ಲಿ ನೀರು ಮಾತ್ರ ನಿಲ್ಲಬಾರದು.

ಮಣ್ಣಪಳ್ಳ_ದಂಡೆ · ಜೂನ್ 20

ಕೊಳ್ಳೇಗಾಲದವರು ಹೇಳಿದ್ದಕ್ಕೆ ಪ್ರಾಣಿಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಹುಳದ ದಪ್ಪ ಪಚ್ಚುವಿನ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಹೆಚ್ಚಿರಬಾರದು. ಮೂರು, ನಾಲ್ಕನೇ ಹಂತದ, ಅಂದರೆ ಎರಡನೇ ಜ್ವರದಿಂದ ನಾಲ್ಕನೇ ಜ್ವರದವರೆಗಿನ ಹುಳವೇ ಅವನಿಗೂ ಸರಿ. ದಿನ ಬಿಟ್ಟು ದಿನ ನಾಲ್ಕೈದು ಸಾಕು. ರೇಷ್ಮೆಹುಳದಲ್ಲಿ ನೀರಿನ ಅಂಶ ಹೆಚ್ಚು, ಕೊಬ್ಬು ಕಡಿಮೆ, ಆದ್ದರಿಂದ ಸೊರಗಿದವನಿಗೆ ಬಹಳ ಒಳ್ಳೆಯದು. ಆದರೆ ಇದೊಂದರಿಂದಲೇ ಕ್ಯಾಲ್ಸಿಯಂ ಸಾಲುವುದಿಲ್ಲ. ರಂಜಕ ಇಲ್ಲದ ಕ್ಯಾಲ್ಸಿಯಂ ಪುಡಿ ಸವರಿಯೇ ಕೊಡಿ. ಹಸಿವು ತಿರುಗಿ ಬಂದ ಮೇಲೆ ಜೀರುಂಡೆಯನ್ನೂ ನಡುನಡುವೆ ಕೊಡುತ್ತಾ ಬನ್ನಿ. ಯುವಿಬಿ (ಕ್ಯಾಲ್ಸಿಯಂ ಮೈಗೆ ಹತ್ತಲು ಬೇಕಾದ ಅತಿನೇರಳೆ ಬೆಳಕು) ಟ್ಯೂಬ್ ಬದಲಾಯಿಸಿ ಎಷ್ಟು ಸಮಯ ಆಯಿತು ನೋಡಿ. ಬೆಳಕು ಕಂಡರೂ ಹಳೆಯ ಟ್ಯೂಬಿನಿಂದ ಯುವಿಬಿ ಬರುವುದಿಲ್ಲ. ಕಿಟಕಿ ಗಾಜಿನ ಬಿಸಿಲಿಗೆ ಇಟ್ಟರೂ ಪ್ರಯೋಜನ ಇಲ್ಲ, ಗಾಜು ಅದನ್ನು ತಡೆಯುತ್ತದೆ.

ಇದನ್ನು ಓದಿ ಯಾರಾದರೂ ಗುಡ್ಡೆಯಿಂದ ಗೋಸುಂಬೆ ಹಿಡಿದು ತರುವ ಯೋಚನೆ ಮಾಡಿದ್ದರೆ ದಯವಿಟ್ಟು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ. ರಸ್ತೆ ದಾಟುವಾಗ ಸಿಕ್ಕಿದರೆ ಅದು ಹೊರಟಿದ್ದ ದಿಕ್ಕಿನ ಪೊದೆಗೆ ಬಿಟ್ಟರೆ ಸಾಕು.

ಕದ್ರಿ_ದಾಸವಾಳ · ಜುಲೈ 21

ಎಲ್ಲರಿಗೂ ಹೇಳಬೇಕು ಅಂತ ಬಂದೆ.

ಎಲ್ಲವನ್ನೂ ಹೂತೆ. ಅಮ್ಮನೇ ಸುಣ್ಣ ತಂದುಕೊಟ್ಟರು. "ನನ್ನಿಂದ ಆಯ್ತಲ್ಲ ಮಗ" ಅಂತ ಎರಡು ದಿನ ಹೇಳಿಕೊಂಡೇ ಇದ್ದರು. ಈಗ ಅವರ ಕೋಣೆಗೂ ನನ್ನ ಕೋಣೆಗೂ ಸೊಳ್ಳೆಪರದೆ ಬಂದಿದೆ, ಮೆಷಿನ್ ಕಪಾಟಿನೊಳಗೆ.

ಪುತ್ತೂರಿನವರು ಬಸ್ಸಿನಲ್ಲಿ ಕೋಲು ಮಾತ್ರ ಅಲ್ಲ, ಎರಡು ಸಲ ಎಲೆಯನ್ನೂ ಕಳಿಸಿದರು, ಬಾಳೆಎಲೆಯಲ್ಲಿ ಸುತ್ತಿ. ಹನ್ನೆರಡು ಕೋಲಿನಲ್ಲಿ ಹತ್ತು ಚಿಗುರಿವೆ, ಟೆರೇಸಿನ ಚಟ್ಟಿಗಳಲ್ಲಿ ಉಂಟು. ಇನ್ನೂ ಕೀಳುವಷ್ಟು ಆಗಲಿಲ್ಲ.

ಎರಡನೇ ಸಲ ಇಪ್ಪತ್ತೈದು ಹುಳ ತರಿಸಿದೆ. ಎಲೆ ಒರೆಸುವುದು ಅಮ್ಮನ ಕೆಲಸ. ಸಂಜೆ ಟಿವಿ ಎದುರು ಕೂತು, ಹಳೆ ಪಂಚೆಯ ತುಂಡಿನಲ್ಲಿ ಒಂದೊಂದನ್ನೇ ಒರೆಸಿ ಗೆರಸೆಯಲ್ಲಿ ಹರಡುತ್ತಾರೆ. ಸತ್ತದ್ದು ಒಟ್ಟು ಮೂರು. ಪಚ್ಚುವಿನ ಕಣ್ಣು ಗುಳಿ ಬಿದ್ದದ್ದು ಈಗ ತುಂಬಿಕೊಂಡಿದೆ. ನಿನ್ನೆ ಜೀರುಂಡೆಯನ್ನೂ ಹಿಡಿದ. ವಿಡಿಯೋ ನೋಡಿ ತಮ್ಮ ಮಸ್ಕತ್ತಿನಿಂದ ಫೋನ್ ಮಾಡಿದ, ಮಾತು ಹೊರಡಲಿಲ್ಲ ಅವನಿಗೆ.

ಕೊಳ್ಳೇಗಾಲದವರಿಗೆ ಒಂದು ಪ್ರಶ್ನೆ. ಒಂದು ಹುಳ ಎಲೆಯಡಿಯಲ್ಲಿ ಉಳಿದು ದೊಡ್ಡದಾಗಿ, ಇವತ್ತು ಮೈಯೆಲ್ಲ ಹಳದಿ ಹೊಳಪು ಬಂದು ತಿನ್ನುವುದನ್ನು ಬಿಟ್ಟಿದೆ, ಡಬ್ಬಿಯ ಮೂಲೆಗೆ ಹತ್ತಿ ಹತ್ತಿ ಬೀಳುತ್ತದೆ. ಅಮ್ಮ ಅದನ್ನು ಪಚ್ಚುವಿಗೆ ಕೊಡಲಿಕ್ಕೆ ಬಿಡ್ತಾ ಇಲ್ಲ. ಏನು ಮಾಡಲಿ?

ಕೊಳ್ಳೇಗಾಲದ_ಹುಳಮನೆ · ಜುಲೈ 21

ಅದು ಹಣ್ಣಾಗಿದೆ ಮೇಡಂ, ಗೂಡು ಕಟ್ಟೋ ಹೊತ್ತು ಬಂದಿದೆ. ಚಂದ್ರಿಕೆ (ಹುಳ ಗೂಡು ಕಟ್ಟೋ ತಟ್ಟಿ) ಇಲ್ಲದಿದ್ದರೆ ತೆಂಗಿನ ಪೊರಕೆ ಕಡ್ಡಿ ನಾಲ್ಕೈದು ಅಡ್ಡಾದಿಡ್ಡಿ ಜೋಡಿಸಿ, ಒಣಗಿದ ಜಾಗದಲ್ಲಿ ಅದರ ಮೇಲೆ ಬಿಡಿ. ಕೆಳಗೆ ಕಾಗದ ಹಾಕಿ, ಕಟ್ಟೋ ಮೊದಲು ಒಂದು ಸಲ ನೀರು ಬಿಡುತ್ತೆ. ಎರಡು ಮೂರು ದಿನ ಅಲ್ಲಾಡಿಸಬೇಡಿ. ಅಮ್ಮನಿಗೆ ನೋಡೋಕೆ ಹೇಳಿ, ಮೊದಲ ದಿನ ಗೂಡು ಇನ್ನೂ ತೆಳ್ಳಗಿರುತ್ತೆ, ಒಳಗೆ ಹುಳ ತಲೆ ಆಡಿಸೋದು ಕಾಣುತ್ತೆ.