ವಾಣಿಜ್ಯ ಓದದೆ ವಾಣಿಜ್ಯ ಮತ್ತು ಭಾಷಾ ಪದವಿಗೆ ಸೇರಿದವರ ಅನುಭವಗಳು

ಪ್ರಶ್ನೆ

ವಾಣಿಜ್ಯ ಮತ್ತು ಫ್ರೆಂಚ್ ಎರಡನ್ನೂ ಜೊತೆಯಾಗಿ ಕಲಿಸುವ ಪದವಿಗೆ ನನಗೆ ಸೀಟು ಸಿಕ್ಕಿದೆ. ಇಲ್ಲಿಯವರೆಗೆ ನಾನು ಓದಿರುವುದು ಇತಿಹಾಸ, ಸಾಹಿತ್ಯ ಮತ್ತು ಫ್ರೆಂಚ್ ಮಾತ್ರ. ಲೆಕ್ಕಶಾಸ್ತ್ರದ ಒಂದು ಪುಟವನ್ನೂ ತೆರೆದವಳಲ್ಲ. ವಾಣಿಜ್ಯ ಓದಿಕೊಂಡು ಬಂದವರಿಗಿಂತ ನಾನು ಬಹಳ ಹಿಂದೆ ಉಳಿಯುತ್ತೇನೆಯೇ? ತರಗತಿಗಳು ಆರಂಭವಾಗುವ ಮೊದಲು ಏನನ್ನು ಓದಿಕೊಳ್ಳಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನಾನೂ ಸಾಹಿತ್ಯ ಓದಿಕೊಂಡು, ನಿಮ್ಮ ಸ್ಥಿತಿಯಲ್ಲೇ ಈ ಪದವಿಗೆ ಸೇರಿದವಳಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ವಾಣಿಜ್ಯವನ್ನು ಮೊದಲೇ ಓದಿರಬೇಕೆಂದು ಪ್ರವೇಶದ ನಿಯಮದಲ್ಲಿ ಕೇಳಿಲ್ಲವೆಂದರೆ, ಮೊದಲ ವರ್ಷದ ಪಾಠಗಳು ಏನೂ ಗೊತ್ತಿಲ್ಲದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಆರಂಭವಾಗುತ್ತವೆ. ಆದರೂ ಓದಿಕೊಂಡು ಬಂದವರು ಮೊದಲ ಕೆಲವು ವಾರ ಮುಂದಿರುವುದು ನಿಜ. ಅವರಿಗೆ ಹೆಚ್ಚಾಗಿ ಗೊತ್ತಿರುವುದು ಪದಗಳು. ಆ ಪದಗಳು ನಿಮ್ಮ ಕೈಗೂ ಬಂದ ಮೇಲೆ ಅಂತರ ಬೇಗನೆ ಕರಗುತ್ತದೆ. ನನ್ನ ವಿಷಯದಲ್ಲಿ ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಅದು ಕರಗಿತ್ತು.

ಹೀಗಾಗಿ ವಾಣಿಜ್ಯವನ್ನು ಇನ್ನೊಂದು ಹೊಸ ಭಾಷೆಯಂತೆ ಕಲಿಯಿರಿ ಎಂಬುದೇ ನನ್ನ ಮುಖ್ಯ ಸಲಹೆ. ಭಾಷೆ ಕಲಿಯುವ ರೂಢಿ ನಿಮಗೆ ಈಗಾಗಲೇ ಇದೆ. ಇಲ್ಲಿ ಕಷ್ಟ ಕೊಡುವುದು ಅಪರಿಚಿತ ಪದಗಳಿಗಿಂತ ಹೆಚ್ಚಾಗಿ, ದಿನವೂ ಬಳಸುತ್ತಿದ್ದು ಈಗ ಬೇರೆ ಅರ್ಥದಲ್ಲಿ ಎದುರಾಗುವ ಪದಗಳು.

ನನ್ನನ್ನು ಎರಡು ವಾರ ಕಾಡಿದ ಒಂದು ಉದಾಹರಣೆ ಕೊಡುತ್ತೇನೆ. ಬ್ಯಾಂಕಿನ ಖಾತೆಗೆ ಹಣ ಬಂದಾಗ ‘ಕ್ರೆಡಿಟ್ ಆಯಿತು’ ಎನ್ನುತ್ತೇವೆ. ಲೆಕ್ಕಶಾಸ್ತ್ರದ ಮೊದಲ ಅಭ್ಯಾಸದಲ್ಲಿ, ವ್ಯಾಪಾರಕ್ಕೆ ಹಣ ಬಂದು ಬ್ಯಾಂಕಿನ ಮೊತ್ತ ಹೆಚ್ಚಿದರೆ ಬ್ಯಾಂಕ್ ಖಾತೆಯನ್ನು ಡೆಬಿಟ್ ಮಾಡಬೇಕೆಂದಿತ್ತು. ಪುಸ್ತಕದಲ್ಲೇ ತಪ್ಪು ಅಚ್ಚಾಗಿದೆಯೆಂದು ಭಾವಿಸಿ ಅಂಚಿನಲ್ಲಿ ಪೆನ್ಸಿಲಿನಿಂದ ತಿದ್ದಿಯೂ ಬಿಟ್ಟಿದ್ದೆ. ಕೊನೆಗೆ ಟ್ಯುಟೋರಿಯಲ್ ನಡೆಸುತ್ತಿದ್ದವರು ಒಂದೇ ಪ್ರಶ್ನೆ ಕೇಳಿದರು: ‘ಬ್ಯಾಂಕಿನ ಸ್ಟೇಟ್‌ಮೆಂಟ್ ಯಾರ ಪುಸ್ತಕದಿಂದ ಬಂದದ್ದು?’ ಅದು ಬ್ಯಾಂಕಿನ ಪುಸ್ತಕ. ನಾವು ಇಟ್ಟ ಹಣ ಬ್ಯಾಂಕಿನ ಪಾಲಿಗೆ ನಮಗೆ ಹಿಂತಿರುಗಿಸಬೇಕಾದ ಸಾಲ, ಆದ್ದರಿಂದ ಅವರಿಗೆ ಅದು ಕ್ರೆಡಿಟ್; ನಮ್ಮ ಪುಸ್ತಕದಲ್ಲಿ ಅದೇ ಹಣ ಆಸ್ತಿ, ಆದ್ದರಿಂದ ಡೆಬಿಟ್. ಯಾರ ಪುಸ್ತಕ ಎಂದು ಕೇಳಿಕೊಳ್ಳುವ ಅಭ್ಯಾಸ ಬಂದ ಮೇಲೆ ಡೆಬಿಟ್ ಎಂದರೆ ಎಡಬದಿ, ಕ್ರೆಡಿಟ್ ಎಂದರೆ ಬಲಬದಿ ಎಂಬಷ್ಟೇ ಉಳಿಯಿತು. ಒಳ್ಳೆಯದು, ಕೆಟ್ಟದ್ದು ಎಂಬ ಭಾವನೆ ಆ ಪದಗಳಿಂದ ಬಿಟ್ಟುಹೋಯಿತು. ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಈ ಪದ್ಧತಿಯನ್ನು ಗಣಿತಜ್ಞ ಲೂಕಾ ಪಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಅಲ್ಲಿನ ವರ್ತಕರು ಅದಕ್ಕೂ ಮೊದಲೇ ಅದನ್ನು ಬಳಸುತ್ತಿದ್ದರು. ಇತಿಹಾಸ ಓದಿದ ನಿಮಗೆ ಈ ಹಿನ್ನೆಲೆ ಖಂಡಿತ ಹಿಡಿಸುತ್ತದೆ.

ಲಾಭ ಮತ್ತು ನಗದು ಒಂದೇ ಅಲ್ಲ ಎಂಬುದನ್ನೂ ಮೊದಲೇ ಮನಸ್ಸಿಗೆ ತಂದುಕೊಳ್ಳಿ. ಸಾಲದ ಮೇಲೆ ಸರಕು ಮಾರಿದ ದಿನವೇ ಅದು ಮಾರಾಟವೆಂದು ಲೆಕ್ಕಕ್ಕೆ ಬರುತ್ತದೆ, ಹಣ ಮಾತ್ರ ಎರಡು ತಿಂಗಳ ನಂತರ ಬರಬಹುದು. ಲಾಭ ತೋರಿಸುತ್ತಿರುವ ಸಂಸ್ಥೆಯೂ ಸಂಬಳ ಕೊಡಲು ಹಣವಿಲ್ಲದೆ ಮುಚ್ಚುವುದು ಈ ಕಾರಣದಿಂದಲೇ. ಇದು ಅರ್ಥವಾದರೆ ಸವಕಳಿ, ಮುಂಗಡ, ಬಾಕಿ ಮುಂತಾದ ಮುಂದಿನ ಅಧ್ಯಾಯಗಳು ಅಷ್ಟೇನೂ ಹೆದರಿಸುವುದಿಲ್ಲ.

ತರಗತಿಗಳಿಗೆ ಮೊದಲು ದಪ್ಪ ಪಠ್ಯಪುಸ್ತಕ ಕೊಳ್ಳಬೇಡಿ. ಯಾವುದಾದರೂ ಒಂದು ದೊಡ್ಡ ಕಂಪನಿಯ ವಾರ್ಷಿಕ ವರದಿಯನ್ನು ಅದರ ಜಾಲತಾಣದಿಂದ ಇಳಿಸಿಕೊಂಡು, ಲಾಭ-ನಷ್ಟದ ಪುಟ ಮತ್ತು ಬ್ಯಾಲೆನ್ಸ್ ಶೀಟ್ ಎರಡನ್ನೇ ಬಿಡಿಸಿ ಓದಿ. ಆಸ್ತಿಗಳ ಮೊತ್ತವು ಹೊಣೆಗಾರಿಕೆ (ಕಂಪನಿ ಇತರರಿಗೆ ತೀರಿಸಬೇಕಾದ ಸಾಲಗಳು) ಮತ್ತು ಮಾಲೀಕರ ಬಂಡವಾಳ ಸೇರಿದ ಮೊತ್ತಕ್ಕೆ ಸಮನಾಗಿರುವುದನ್ನು ನೀವೇ ಕೂಡಿಸಿ ನೋಡಿಕೊಳ್ಳಿ. ಅಷ್ಟು ಸಾಕು.

ಎರಡನೆಯ ಉತ್ತರ

ನಾನು ವಿಜ್ಞಾನ ಓದಿ ಬಂದವನು. ಮೇಲಿನವರು ಗಣಿತದ ಬಗ್ಗೆ ಏನೂ ಹೇಳದಿರುವುದರಿಂದ ಅಷ್ಟನ್ನು ಮಾತ್ರ ಸೇರಿಸುತ್ತೇನೆ. ಮೊದಲ ವರ್ಷದಲ್ಲಿ ಹೆಚ್ಚಾಗಿ ಬೇಕಾಗುವುದು ಶೇಕಡಾವಾರು, ಅನುಪಾತ, ಸರಳ ರೇಖೆಯ ಇಳಿಜಾರು, ಸರಾಸರಿ ಮತ್ತು ಅದರ ಸುತ್ತಲಿನ ವಿಚಲನೆ. ಇವುಗಳಲ್ಲಿ ಶೇಕಡಾವಾರನ್ನು ಹಗುರವಾಗಿ ಕಾಣಬೇಡಿ. ಬೆಲೆಯನ್ನು ಶೇ. 20ರಷ್ಟು ಏರಿಸಿ ಮತ್ತೆ ಶೇ. 20ರಷ್ಟು ಇಳಿಸಿದರೆ 100 ಇದ್ದದ್ದು 96 ಆಗುತ್ತದೆ ಎಂಬುದು ಯೋಚಿಸದೆಯೇ ಹೊಳೆಯುವಂತಿರಬೇಕು. ಬೇಡಿಕೆಯ ಸ್ಥಿತಿಸ್ಥಾಪಕತ್ವವೆಂಬ ಇಡೀ ಅಧ್ಯಾಯ, ಬೆಲೆ ಶೇಕಡಾ ಇಷ್ಟು ಬದಲಾದರೆ ಮಾರಾಟವಾಗುವ ಪ್ರಮಾಣ ಶೇಕಡಾ ಎಷ್ಟು ಬದಲಾಗುತ್ತದೆ ಎಂಬ ಒಂದೇ ಪ್ರಶ್ನೆಯ ಮೇಲೆ ನಿಂತಿದೆ. ಅರ್ಥಶಾಸ್ತ್ರದ ನಕ್ಷೆಗಳಲ್ಲಿ ಬೆಲೆಯನ್ನು ಲಂಬ ಅಕ್ಷದಲ್ಲಿ ಬರೆಯುವುದು ವಾಡಿಕೆ. ಕಾರಣವನ್ನು ಅಡ್ಡ ಅಕ್ಷದಲ್ಲಿ ನೋಡಿ ಅಭ್ಯಾಸವಾಗಿದ್ದ ನನಗೆ ಅದು ತಲೆಕೆಳಗಾಗಿ ಕಂಡಿತ್ತು. ನಿಮಗೆ ಹಳೆಯ ಅಭ್ಯಾಸವಿಲ್ಲದಿರುವುದರಿಂದ ಆ ತೊಡಕೂ ಇರಲಾರದು.

ಮೂರನೆಯ ಉತ್ತರ

ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ನಾನು ನಿಜವಾಗಿ ಎಡವಿದ್ದು ವಾಣಿಜ್ಯದಲ್ಲಲ್ಲ, ಚೆನ್ನಾಗಿ ಬರುತ್ತದೆಂದು ನಂಬಿದ್ದ ಫ್ರೆಂಚಿನಲ್ಲಿ. ಲೆಕ್ಕಶಾಸ್ತ್ರದ ಭಯದಲ್ಲಿ ದಿನವೆಲ್ಲ ಅದಕ್ಕೇ ಹೋಗಿ, ಮೊದಲ ವರ್ಷ ಭಾಷೆಗೆ ವಾರಕ್ಕೆ ಎರಡು ಗಂಟೆಯನ್ನೂ ಸರಿಯಾಗಿ ಕೊಡಲಿಲ್ಲ. ಕಾದಂಬರಿಗಳನ್ನು ಓದಬಲ್ಲವಳಾಗಿದ್ದೆ, ಆದರೆ ವ್ಯವಹಾರದ ಫ್ರೆಂಚ್ ಬೇರೆಯೇ ಆಗಿತ್ತು. ಸಮಾಜವೆಂದು ಕಲಿತಿದ್ದ ‘ಸೊಸಿಯೆತೆ’ ಅಲ್ಲಿ ಕಂಪನಿ. ಅಭ್ಯಾಸ, ವ್ಯಾಯಾಮ ಎಂದುಕೊಂಡಿದ್ದ ‘ಎಗ್ಸೆರ್ಸಿಸ್’ ಅಲ್ಲಿ ಲೆಕ್ಕದ ವರ್ಷ. ‘ಬೆನೆಫಿಸ್’ ಎಂದರೆ ನಿವ್ವಳ ಲಾಭ. ಮೊದಲ ಉತ್ತರದವರು ಹೇಳಿದ ಪದಗಳ ತೊಡಕು ಹೀಗೆ ಎರಡೂ ಭಾಷೆಗಳಲ್ಲಿ ಒಟ್ಟಿಗೆ ಎದುರಾಗುತ್ತದೆ. ವಾಣಿಜ್ಯದ ಪದವೊಂದನ್ನು ಕಲಿತ ದಿನವೇ ಅದರ ಫ್ರೆಂಚ್ ಪದವನ್ನೂ ಪಕ್ಕದಲ್ಲಿ ಬರೆದಿಟ್ಟುಕೊಂಡಿದ್ದರೆ ನನಗೆ ಬಹಳ ಶ್ರಮ ಉಳಿಯುತ್ತಿತ್ತು.

ಅಂಕಿಗಳ ವಿಷಯವನ್ನಂತೂ ಒತ್ತಿ ಹೇಳಲೇಬೇಕು. ಮೂರನೆಯ ವರ್ಷದ ತರಬೇತಿಯಲ್ಲಿ ಒಂದು ಕಚೇರಿಯ ಪರವಾಗಿ ಬರೆದ ಫ್ರೆಂಚ್ ಪತ್ರದಲ್ಲಿ, ಎರಡು ಸಾವಿರದ ಐನೂರು ಕಿಲೋ ಎಂಬರ್ಥದಲ್ಲಿ 2,500 ಎಂದು ನಮೂದಿಸಿದ್ದೆ. ಫ್ರೆಂಚ್ ಬರವಣಿಗೆಯಲ್ಲಿ ಅಲ್ಪವಿರಾಮವು ದಶಮಾಂಶದ ಗುರುತು, ಸಾವಿರಗಳ ನಡುವೆ ಇರುವುದು ಖಾಲಿ ಜಾಗ. ಆದ್ದರಿಂದ ನಾನು ಬರೆದದ್ದು ಎರಡೂವರೆ ಕಿಲೋ ಆಗಿತ್ತು. ಮೇಲ್ವಿಚಾರಕರು ಕಳುಹಿಸುವ ಮೊದಲು ಕಂಡುಹಿಡಿದದ್ದರಿಂದ ನಷ್ಟವಾಗಲಿಲ್ಲ, ಆದರೆ ಆ ಸಂಜೆಯ ಸಂಕಟವನ್ನು ನಾನು ಮರೆತಿಲ್ಲ.

ಕಿವಿಯ ಅಭ್ಯಾಸವೂ ಬೇಕು. ಫ್ರಾನ್ಸಿನಲ್ಲಿ 97 ಎನ್ನಲು ‘ನಾಲ್ಕು ಇಪ್ಪತ್ತು ಹದಿನೇಳು’ ಎಂಬ ರೀತಿಯಲ್ಲಿ ಹೇಳುತ್ತಾರೆ; ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡ್‌ಗಳಲ್ಲಿ ತೊಂಬತ್ತಕ್ಕೆ ‘ನೊನಾಂತ್’ ಎಂಬ ಬೇರೆ ಪದವೇ ಇದೆ. ಫೋನಿನಲ್ಲಿ ಒಬ್ಬರು ಬೆಲೆಗಳ ಪಟ್ಟಿಯನ್ನು ವೇಗವಾಗಿ ಓದುವಾಗ ತಲೆಯಲ್ಲಿ ಕೂಡಿಸುತ್ತ ಕೂರಲು ಸಮಯವಿರುವುದಿಲ್ಲ. ತರಗತಿಗಳು ಆರಂಭವಾಗುವವರೆಗೆ ದಿನಕ್ಕೆ ಹತ್ತು ನಿಮಿಷ ಫ್ರೆಂಚ್ ಆರ್ಥಿಕ ಸುದ್ದಿಯನ್ನು ಆಲಿಸಿ, ಕೇಳಿಸಿದ ಅಂಕಿಗಳನ್ನು ಮಾತ್ರ ಹಾಳೆಯಲ್ಲಿ ಬರೆದುಕೊಳ್ಳಿ. ನಂತರ ಅದೇ ಸುದ್ದಿಯ ಬರಹದ ರೂಪ ಸಿಕ್ಕರೆ ಹೋಲಿಸಿ ನೋಡಿ.