ಒಂದೇ ಡಾಕ್ಯುಮೆಂಟರಿಗೆ ಎರಡು ಎಡಿಟ್ ಆಗಿದೆ, ಕೂಡಿಸೋದು ಹೇಗೆ?

ಕಾಫಿತೋಟ_ಕ್ಯಾಮೆರಾ:
ಎಲ್ರಿಗೂ ನಮಸ್ಕಾರ. ಮೂಡಿಗೆರೆ ಕಡೆ ಕಾಫಿ ಹೂವಿನ ಬಗ್ಗೆ ಸಣ್ಣ ಡಾಕ್ಯುಮೆಂಟರಿ ಮಾಡ್ತಿದೀವಿ, ಎಡಿಟಿಂಗ್ ಡಾವಿಂಚಿ ರಿಸಾಲ್ವ್‌ನಲ್ಲಿ. ನಾನು ಚಿಕ್ಕಮಗಳೂರಲ್ಲಿ, ಫ್ರೆಂಡು ಹಾಸನದಲ್ಲಿ, ಫುಟೇಜ್ ಇಬ್ರ ಹತ್ರನೂ ಇದೆ. ರಫ್ ಕಟ್ (ಮೊದಲ ಒರಟು ಜೋಡಣೆ) ಆದ್ಮೇಲೆ ಇಬ್ರೂ ಬೇರೆ ಬೇರೆ ಕೂತು ಮುಂದುವರ್ಸಿದ್ವಿ. ಮಳೆ ಬಿದ್ದು ಎಂಟತ್ತು ದಿನಕ್ಕೆ ಹೂ ಅರಳೋ ಭಾಗ ಅವನದ್ರಲ್ಲಿ ತುಂಬಾ ಚೆನ್ನಾಗಿ ಬಂದಿದೆ, ತೋಟದ ಕೆಲಸದವರ ಮಾತು, ಸೌಂಡು ನನ್ನದ್ರಲ್ಲಿ ಚೆನ್ನಾಗಿದೆ. ಎರಡು ಎಕ್ಸ್‌ಪೋರ್ಟನ್ನೂ ಒಂದರ ಮೇಲೊಂದಿಟ್ಟು ಡಿಫರೆನ್ಸ್ ಮೋಡ್ (ಎರಡೂ ಒಂದೇ ಇರೋ ಕಡೆ ಕಪ್ಪು, ಬೇರೆ ಇರೋ ಕಡೆ ಮಾತ್ರ ಚಿತ್ರ ಕಾಣೋದು) ಹಾಕ್ದೆ, ಮೂರನೇ ನಿಮಿಷದಿಂದಾಚೆ ಪೂರ್ತಿ ಬೇರೆ ಅಂತ್ಲೇ ತೋರ್ಸುತ್ತೆ. ಏನ್ ಮಾಡ್ಲಿ?

ಬೇಲೂರ್_ಎಡಿಟರ್:
ಅಲ್ಲಿ ಅವರು ಒಂದು ಶಾಟ್ ಸೇರ್ಸಿರ್ತಾರೆ ಇಲ್ಲಾ ತೆಗ್ದಿರ್ತಾರೆ, ಅದಕ್ಕೇ ಅದರಿಂದಾಚೆ ಇರೋದೆಲ್ಲಾ ಜರುಗಿದೆ ಅಷ್ಟೇ. ಆ ಜಾಗದಲ್ಲಿ ಮೇಲಿನ ಕ್ಲಿಪ್ ಕಟ್ ಮಾಡಿ ಮುಂದಿನ ಸೀನನ್ನ ಮತ್ತೆ ಹೊಂದ್ಸಿ ನೋಡಿ, ಒಂದೇ ಥರ ಇರೋ ಕಡೆ ಕಪ್ಪಾಗುತ್ತೆ. ಎಕ್ಸ್‌ಪೋರ್ಟ್ ಕಂಪ್ರೆಸ್ ಆಗಿರೋದ್ರಿಂದ ಮಸುಕು ಮಸುಕಾಗಿ ಏನೋ ಕಾಣ್ಬೋದು, ಅದನ್ನ ಬದಲಾವಣೆ ಅನ್ಕೋಬೇಡಿ.

ಇದಕ್ಕಿಂತ ಸುಲಭದ ದಾರಿ ಬೇಕಂದ್ರೆ ಅವರ ಟೈಮ್‌ಲೈನನ್ನೇ (ಕ್ಲಿಪ್‌ಗಳ ಜೋಡಣೆನೇ) ಡಿಆರ್‌ಟಿ, ಅಂದ್ರೆ ರಿಸಾಲ್ವ್‌ನದೇ ಟೈಮ್‌ಲೈನ್ ಫೈಲ್ ಆಗಿ ತರ್ಸ್ಕೊಳಿ. ಇಡಿಎಲ್ (ಕಟ್‌ಗಳ ಬರೀ ಪಟ್ಟಿ ಇರೋ ಫೈಲ್) ಬೇಡ, ಅದ್ರಲ್ಲಿ ಒಂದೇ ವಿಡಿಯೋ ಟ್ರ್ಯಾಕ್ ಬರೋದು, ಮೇಲಿನ ಟ್ರ್ಯಾಕಲ್ಲಿರೋ ಟೈಟಲ್ ಎಲ್ಲಾ ಹೋಗುತ್ತೆ. ಇಂಪೋರ್ಟ್ ಮಾಡಿ, ಕ್ಲಿಪ್ ಆಫ್‌ಲೈನ್ ಅಂತ ತೋರ್ಸಿದ್ರೆ ರಿಲಿಂಕ್ ಮಾಡಿ (ನಿಮ್ಮ ಹತ್ರ ಫುಟೇಜ್ ಎಲ್ಲಿದೆ ಅಂತ ಅದಕ್ಕೆ ತೋರ್ಸಿ), ನಿಮ್ಮ ಟೈಮ್‌ಲೈನ್ ತೆರೆದಿಟ್ಕೊಂಡು ಮೀಡಿಯಾ ಪೂಲಲ್ಲಿ (ಕ್ಲಿಪ್, ಟೈಮ್‌ಲೈನ್ ಎಲ್ಲಾ ಇರೋ ಜಾಗ) ಅವರದ್ರ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ 'ಕಂಪೇರ್ ವಿತ್ ಕರೆಂಟ್ ಟೈಮ್‌ಲೈನ್' ಅಂತ ಸಿಗುತ್ತೆ, ಎಲ್ಲಿ ಏನು ಸೇರಿದೆ, ಏನು ಹೋಗಿದೆ ಅಂತ ಅದೇ ತೋರ್ಸುತ್ತೆ. ಕಲರ್ ವ್ಯತ್ಯಾಸಕ್ಕೆ ಮಾತ್ರ ಡಿಫರೆನ್ಸ್ ಮೋಡೇ ಒಳ್ಳೇದು.

ಸೌಂಡ್_ಹಾಸನ:
ಸೌಂಡಿಗೂ ಇದೇ ಉಪಾಯ ಇದೆ. ಎರಡನ್ನೂ ವೇವ್ ಫೈಲ್ ಆಗಿ ತೆಗ್ದು ಆಡಾಸಿಟಿ ಅನ್ನೋ ಸೌಂಡ್ ಎಡಿಟರಲ್ಲಿ ಒಂದನ್ನ ಇನ್ವರ್ಟ್ ಮಾಡಿ (ಅಲೆನ ತಲೆಕೆಳಗು ಮಾಡಿ) ಒಟ್ಟಿಗೆ ಪ್ಲೇ ಮಾಡಿ, ಒಂದೇ ಇರೋ ಕಡೆ ಪೂರ್ತಿ ನಿಶ್ಶಬ್ದ, ಬದಲಾಗಿರೋ ಕಡೆ ಮಾತ್ರ ಕೇಳ್ಸುತ್ತೆ. ಎಂಪಿ3 ಬೇಡ, ಕಂಪ್ರೆಸ್ ಆಗಿರೋದ್ರಿಂದ ಒಂದೇ ಇರೋ ಕಡೆನೂ ಸ್ವಲ್ಪ ಶಬ್ದ ಉಳ್ಕೊಳುತ್ತೆ.

ಕಾಫಿತೋಟ_ಕ್ಯಾಮೆರಾ:
ಸಿಕ್ತು ಸರ್! ಜೇನುಹುಳ ಹೂವಿನ ಮೇಲೆ ಕೂರೋ ಒಂದು ಕ್ಲೋಸಪ್ ಸೇರ್ಸಿದಾನೆ, ಅಷ್ಟಕ್ಕೇ ಎಲ್ಲಾ ಜರುಗಿದ್ದು. ಈಗ ಇಬ್ರದ್ರಲ್ಲೂ ಚೆನ್ನಾಗಿರೋದನ್ನೆಲ್ಲಾ ಎತ್ತಿ ಹೊಸ ಟೈಮ್‌ಲೈನಲ್ಲಿ ಜೋಡಿಸ್ಲಾ?

ಬೇಲೂರ್_ಎಡಿಟರ್:
ಹಂಗ್ ಮಾತ್ರ ಮಾಡ್ಬೇಡಿ. ಇಬ್ರದ್ರಲ್ಲಿ ಒಂದನ್ನ ಬುಡ ಅಂತ ಇಟ್ಕೊಳಿ, ಅದರದ್ದೊಂದು ಡೂಪ್ಲಿಕೇಟ್ ಮಾಡ್ಕೊಂಡು ಅದರಲ್ಲೇ ಕೆಲ್ಸ ಮಾಡಿ, ಇನ್ನೊಂದ್ರಿಂದ ಇಡೀ ಸೀನ್ ತಗೊಳಿ, ಬಿಡಿ ಬಿಡಿ ಶಾಟ್ ಬೇಡ. ಹೂ ಅರಳೋ ಶಾಟನ್ನ ಅವರು ಇನ್ನೊಂದ್ ಸೆಕೆಂಡ್ ಹೆಚ್ಚಿಗೆ ನಿಲ್ಸಿದ್ರೆ ಅದಕ್ಕೆ ಕಾರಣ ಅದರ ಹಿಂದಿನ ಶಾಟಲ್ಲಿರುತ್ತೆ, ಒಂದನ್ನೇ ಕಿತ್ಕೊಂಡ್ ಬಂದ್ರೆ ಆ ಲಯ ಬರಲ್ಲ. ಸಾಫ್ಟ್‌ವೇರ್ ವ್ಯತ್ಯಾಸ ತೋರ್ಸುತ್ತೆ, ಯಾವ್ದು ಉಳೀಬೇಕು ಅನ್ನೋದನ್ನ ಇಬ್ರೂ ಒಟ್ಟಿಗೆ ಕೂತೇ ತೀರ್ಮಾನ ಮಾಡ್ಬೇಕು.

ಕಾಫಿತೋಟ_ಕ್ಯಾಮೆರಾ:
ಸರಿ ಸರ್, ನನ್ನದೇ ಬುಡ ಇರ್ಲಿ, ಹೂವಿನ ಸೀನ್ ಪೂರ್ತಿ ಅವನದು. ಭಾನುವಾರ ಹಾಸನಕ್ಕೆ ಹೋಗಿ ಅವನ ಜೊತೆ ಕೂರ್ತೀನಿ.